ಬಾಗಲಾ ತೆಗೆಯಾಂವಗ

ಆಟೋ ನಗರದಾಗ ರಾತ್ರಿ ಹನ್ನೊಂದರ ಮ್ಯಾಲೆ
ಎಲ್ಲಾ ಲಾರಿಗೂ ಒಂದ ಬಣ್ಣ.
ನಾನು ಚೆಕರ್. ಪಾರಿಸ ಅಂತ ಹೆಸರು.
ಕೈಯಾಗ ಹಲಗಿ, ಹಲಗಿಗೆ ಕ್ಲಿಪ್ಪು,
ಕಿವಿ ಮ್ಯಾಲೆ ಪೆನ್ನು.
ತೂಕಾ ಹೊರೂದು ನನ್ನ ಕೆಲಸ ಅಲ್ಲ,
ಹೊತ್ತಾರ ಅಂತ ಬರಿಯೂದು ನನ್ನ ಕೆಲಸ.

ಆವತ್ತು ಉದ್ಯಮಬಾಗದಿಂದ ಪಂಪಿನ ಕಾಸ್ಟಿಂಗು ಬಂದಿದ್ದವು,
ಇನ್ನೂ ಭಟ್ಟಿ ವಾಸನಿ ಹೋಗಿರಲಿಲ್ಲ.
ಮೂವತ್ತೆರಡು ನಗ.
(ನಮ್ಮಲ್ಲೆ ನಗ ಅಂದ್ರ ಬಂಗಾರಲ್ಲ,
ಎಣಿಸಾಕ ಬರೂದೆಲ್ಲಾ ನಗಾನ.)
ಸಂಗಾಟ ಶಹಾಪುರದ ಸೀರಿ ಗಂಟು, ಫಿನೈಲ್ ಕ್ಯಾನು,
ಮತ್ತ ಒಂದು ಕಬ್ಬಿಣದ ತೊಟ್ಟಲಾ,
ಯಾರೋ ಮಗಳ ಮನಿಗೆ ಕಳಿಸಿದ್ದು.

ಸಿದರಾಯಿ ಕಾಕಾ ಇದ್ದಾಗ ಒಂದು ರೀತಿ ಇತ್ತು.
ನಗ ಮುಟ್ಟಿ ನೋಡಿ
ಇದರ ಮಾರಿ ಆ ಕಡೆ ಅಂತಿದ್ದ.
ಭಾರಾದ್ದು ತಳಕ್ಕ, ಹಗರಾದ್ದು ನೆತ್ತಿಗೆ.
ಒಂದು ಗೇಣು ಸಂದು ಬಿಟ್ಟರ ಬೈತಿದ್ದ:
"ಖಾಲಿ ಜಾಗಾಕ್ಕ ಹಾದ್ಯಾಗ ಕಾಲು ಬರತಾವಲೇ."
ಅವನ ಟೊಂಕಾ ಹೋತು, ಅವನೂ ಹೋದ.
ಈಗ ಗಾಡಿಗೆ ಇಷ್ಟು ಅಂತ ರೊಕ್ಕ,
ದಿನಾ ಬ್ಯಾರೆ ಬ್ಯಾರೆ ಹುಡುಗೂರು.
ಜಲ್ದಿ ತುಂಬಿದಾಂವ ಶಾಣ್ಯಾ.

ಹುದ್ದಾರ ಸಾಹೇಬರು ಗಾಜಿನ ಖೋಲ್ಯಾಗ ಮ್ಯಾಚ್ ನೋಡತಿದ್ದರು.
ಅವರಿಗೆ ನಾವು ಕಾಣತಿದ್ವಿ,
ನಮಗ ಅವರು ಕಾಣತಿದ್ದರು.
ಹಿಂಗಾಗಿ ಯಾರೂ ಯಾರನ್ನೂ ನೋಡಲಿಲ್ಲ.

ಸೀರಿ ಮೊದಲ ಬಂದಿದ್ದವು, ತಳಕ್ಕ ಹ್ವಾದವು.
ಕಬ್ಬಿಣ ತಡಾ ಮಾಡಿ ಬಂತು, ಮ್ಯಾಲೆ ಏರಿತು.
ಎರಡು ಹಗ್ಗ ಬೇಕಿತ್ತು, ಒಂದ ಇತ್ತು.
ಕಡೀ ನಾಕು ನಗ ಕದಕ್ಕ ಒರಗಿಸಿ
ಒಬ್ಬಾಂವ ಭುಜಾ ಕೊಟ್ಟು ಕದಾ ಒತ್ತಿ ಹಿಡದ,
ಇನ್ನೊಬ್ಬಾಂವ ಚಿಲಕಾ ಜಡದ.
ನಾ ನೋಡಿದೆ.
ಭುಜಾ ಕೊಟ್ಟಿದ್ದೂ ನೋಡಿದೆ.

ಹಾಳಿ ಮ್ಯಾಲೆ ಒಂದು ಚೌಕ ಇರತೈತಿ:
ಲೋಡ್ ತಪಾಸಣೆ ಮಾಡಲಾಗಿದೆ.
ಅದರಾಗ ಒಂದು ಟಿಕ್ ಹೊಡದೆ.
ಮಕ್ತುಮ ಸ್ಟೇರಿಂಗ್ ಮ್ಯಾಲಿಂದ ಬಗ್ಗಿ ಕೇಳಿದ,
"ಪಾರಿಸಣ್ಣಾ, ಒಳಗ ಹೆಂಗೈತಿ?"
ಸೀಲ್ ಬಿದ್ದ ಮ್ಯಾಲೆ ಡ್ರೈವರ್ ನೋಡಂಗಿಲ್ಲ, ಕೇಳಬಹುದು ಅಷ್ಟ.
"ಎಲ್ಲಾ ಬರೋಬ್ಬರಿ," ಅಂದೆ.

ಯರಗಟ್ಟಿ, ಲೋಕಾಪುರ, ಮುಧೋಳ.
ಹಂಪು ಬಂದಲ್ಲೆಲ್ಲಾ
ಹಿಂದ ಯಾರೋ ಎದ್ದು ಕುಂತಂಗ ಆಗತಿತ್ತಂತ.
ಜಮಖಂಡ್ಯಾಗ ಚಾ ಕುಡದು ಕದಕ್ಕ ಕಿವಿ ಹಚ್ಚಿದನಂತ.
ಸುಮ್ಮನ ಇತ್ತಂತ.

ವಿಜಾಪುರದಾಗ ಬಾಗಲಾ ತೆಗದಾಂವ ದಸ್ತಗೀರ,
ಇಪ್ಪತ್ತೆರಡು ವರ್ಷ, ಆ ಗೋದಾಮಿಗೆ ಬಂದು ಒಂಬತ್ತು ದಿನ.
ಚಿಲಕಾ ಬಿಗಿ ಆಗಿತ್ತು, ಜಗ್ಗಿದ.
ನಾ ಬೆಳಗಾವ್ಯಾಗ ಒರಗಿಸಿದ್ದು
ಅವನ ಬಲಪಾದದ ಮ್ಯಾಲೆ ಇಳೀತು.

ಫೋನ್ ಬಂದಾಗ ಸಾಹೇಬರು ಒಂದ ಮಾತು ಕೇಳಿದರು:
"ನಮ್ಮ ಕಾಗದಾ ಸ್ವಚ್ಛ ಐತಿಲ್ಲೊ?"
ಸ್ವಚ್ಛ ಇತ್ತು.
ಮರುದಿನದ ಹಮಾಲರಿಗೆ ಮುನ್ನೂರು ರೂಪಾಯಿ ಮುರದರು.
ಅವರು ಆ ಗಾಡಿ ಕಂಡಾವರ ಅಲ್ಲ.

ತೊಟ್ಟಲಕ್ಕ ಏನೂ ಆಗಿರಲಿಲ್ಲ.
ಮಕ್ತುಮ ಅದನ್ನ ಹೊರಗ, ಕ್ಯಾಬಿನ್ನಿನ ನೆತ್ತಿ ಮ್ಯಾಲೆ
ತನ್ನ ಹಾಸಿಗಿ ಸುತ್ತಿ, ತಾನ ಕಟ್ಟಿದ್ದ.

ಈಗ ನಾ ಚಿಲಕಾ ಹಾಕಿದ ಮ್ಯಾಲೆ ಒಮ್ಮೆ ತೆಗಸ್ತೀನಿ,
ಕದದ ಮುಂದ ನಾನ ನಿಂತು.
ಹುಡುಗೂರು ನಗತಾರ.
ಗಾಜಿನ ಹಿಂದಿಂದ ಗಡಿಯಾರ ತೋರಸ್ತಾರ.
ಎದಿ ಒಂದೀಟ ಬಡಕೋತೈತಿ ಖರೆ, ನಿಲ್ಲತೀನಿ.

ಮೊನ್ನೆ ಒಂದು ಗಾಡಿಗೆ ನಿಲ್ಲಲಿಲ್ಲ.
ಜಿಟಿಜಿಟಿ ಮಳಿ, ಎರಡು ತಾಸು ತಡಾ ಆಗಿತ್ತು,
ನನಗೂ ನಿದ್ದಿ.
ಅದು ಯಾವ ಊರಿಗೆ ಹೋತು ಅಂತ
ಹಲಗಿ ಮ್ಯಾಲಿನ ಹಾಳಿ ತಿರುವಿದರ ಗೊತ್ತಾಕ್ಕೈತಿ.
ತಿರುವಿಲ್ಲ.