ಮೂರು ತಿಲಾಪಿಯಾ ತೂಕ

ನೈರೋಬಿಯಿಂದ ತಂದ ದಿನವೇ ಅವ್ವ
ಅದನ್ನು ಮೀನಿನ ತಕ್ಕಡಿಗೆ ಹಾಕಿದಳು.
ಮುಳ್ಳು ಒಂದೂವರೆ ಕಿಲೋ ದಾಟಿ ನಡುಗಿ ನಿಂತಿತು.
"ಮೂರು ತಿಲಾಪಿಯಾ," ಅಂದಳು, "ಅದೂ ಸಣ್ಣವು.
ಇದಕ್ಕಾ ದೋಣಿಯ ಮೋಟರು ಮಾರಿದ್ದು?"

ಯಾರೋ ಬಳಸಿ ಬಿಟ್ಟ ಲೆನ್ಸು. ಬಿಳಿ ಬಣ್ಣ ಚಕ್ಕೆಯೆದ್ದು
ಒಳಗಿನ ಲೋಹ ಕಾಣುತ್ತದೆ.
ಮಾರಿದವನು ಮದುವೆಗಳ ಫೋಟೋದವನು;
ಉಂಗುರ ತಿರುಗಿಸಿದರೆ ಯಾರದೋ ಮದುವೆಯ ಮಿನುಗುಪುಡಿ
ಈಗಲೂ ನನ್ನ ಬೆರಳಿಗೆ ಅಂಟುತ್ತದೆ.

ವೇಗದ ಲೆನ್ಸು ಅನ್ನುತ್ತಾರೆ ಇದನ್ನು.
ಓಡುವುದಿಲ್ಲ, ಹಾರುವುದಿಲ್ಲ. ಅಗಲಕ್ಕೆ ಬಾಯಿ ತೆರೆದು
ಬೆಳಕನ್ನು ಗಟಗಟ ಕುಡಿಯುತ್ತದೆ, ಅಷ್ಟೆ.
ಕೋಳಿ ಕೂಗುವ ಮೊದಲಿನ ಮಬ್ಬಿನಲ್ಲಿ,
ಡುಂಗಾದ ದಂಡೆ ಇನ್ನೂ ಬರೀ ಮೀನಿನ ವಾಸನೆಯಾಗಿರುವಾಗ,
ಹುಟ್ಟು ಎತ್ತಿಟ್ಟು ಅಂತರಗಂಗೆಯ ನಡುವೆ
ದೋಣಿಯನ್ನು ಅದರ ಪಾಡಿಗೆ ಬಿಡುತ್ತೇನೆ.
ಮೋಟರಿಲ್ಲದ ದೋಣಿಗೆ ಹಕ್ಕಿ ಬೆದರುವುದಿಲ್ಲ:
ಅವ್ವನಿಗೆ ನಾನು ಕೊಟ್ಟ ಉತ್ತರ ಅದು. ಒಪ್ಪಲಿಲ್ಲ.

ಜೊಂಡಿನ ತುದಿಯಲ್ಲಿ ಮಿಂಚುಳ್ಳಿ.
ಬರಿಗಣ್ಣಿಗೆ ಅದು ಅಂಗಿಯಿಂದ ಕಳಚಿಬಿದ್ದ ನೀಲಿ ಗುಂಡಿ.
ಎಪ್ಪತ್ತರಿಂದ ಇನ್ನೂರಕ್ಕೆ ಉಂಗುರ ಹೊರಳಿಸಿದರೆ
ಕೊಕ್ಕಿನ ತುದಿಗೊಂದು ಹನಿ.
ಹಿಂದಿನದೆಲ್ಲ, ಸರೋವರ, ದಡ, ಹೋಟೆಲಿನ ಕೆಂಪು ಸೂರು,
ಹಾಲಿಗೆ ಬಿದ್ದ ಬಣ್ಣದ ಹಾಗೆ ಕದಡಿಹೋಗುತ್ತದೆ.
ಒಂದು ಸೆಕೆಂಡನ್ನು ಎರಡು ಸಾವಿರ ಹೋಳು ಮಾಡಿ
ಒಂದೇ ಒಂದು ಹೋಳು ನನಗೆ.
ಮಿಕ್ಕಿದ್ದೆಲ್ಲ ಮಿಂಚುಳ್ಳಿಯದೇ.

ದೂರದ ಬೆಟ್ಟ ನುಣ್ಣಗೆ ಅನ್ನುವವರು
ಒಮ್ಮೆ ಇದರೊಳಗೆ ಇಣುಕಬೇಕು.
ನೀರಾನೆಯ ಕೆನ್ನೆಯಲ್ಲಿ ಹಗ್ಗದಷ್ಟು ದಪ್ಪ ಗಾಯ,
ಗಾಯದ ಅಂಚಿಗೆ ನೊಣಗಳ ಸಂತೆ.

ಬಿಸಿಲೇರಿದರೆ ಹಕ್ಕಿ ನೋಡುವವರು ಹೊರಟುಹೋಗುತ್ತಾರೆ.
ಕೊರಳಿಂದ ಇದನ್ನು ಇಳಿಸಲು ನನಗೆ ಮನಸ್ಸಾಗುವುದಿಲ್ಲ.
ಭಾನುವಾರ ಗೋಲು ಕಾಯುವ ಒಗೊಲಾ, ಗಾಳಿಯಲ್ಲಿ ಅಡ್ಡಡ್ಡ;
ಸೈಕಲ್ಲಿಗೆ ಮಂಚ ಕಟ್ಟಿಕೊಂಡು ಹೊರಟ ಪಾದ್ರಿ;
ಒಮೆನಾ ಒಣಹಾಕಿದ ಬಲೆಯ ಮೇಲೆ
ಅಡೋಯೊ ಅಜ್ಜಿಗೂ ಬೋಳು ಕೊಕ್ಕರೆಗೂ ನಿತ್ಯದ ಜಗಳ.
"ಅಷ್ಟು ದೂರ ನಿಂತು ನೋಡೋಕೆ
ನಮ್ಮಲ್ಲೇನಿದೆಯೋ?" ಅನ್ನುತ್ತಾಳೆ ಅಜ್ಜಿ, ಕಲ್ಲು ಬೀಸುತ್ತ.

ಒಂದು ಸಂಜೆ ಕಟ್ಟೆಯ ತುದಿಯಿಂದ ಅವ್ವನನ್ನು ಕಂಡೆ.
ಬಾಣಲೆಯ ಬೆಂಕಿ ಆರಿಸಿ, ಸುತ್ತ ಯಾರೂ ಇಲ್ಲವೆಂದು
ಚಪ್ಪಲಿ ಕಳಚಿ, ಬಿರಿದ ಹಿಮ್ಮಡಿಯನ್ನು ಎರಡೂ ಕೈಯಲ್ಲಿ
ಕೂಸನ್ನು ಹಿಡಿದ ಹಾಗೆ ಹಿಡಿದು ಕೂತಿದ್ದಳು.
ಆ ಮುಖ ನನಗೆ ಗೊತ್ತಿರಲಿಲ್ಲ.
ಮಿಂಚುಳ್ಳಿಗೆ ಮಾಡಿದ್ದನ್ನೇ ಮಾಡಿದೆ:
ಉಸಿರು ಹಿಡಿದೆ, ಒತ್ತಿದೆ.

ತೋರಿಸಿದರೆ ಬಹಳ ಹೊತ್ತು ನೋಡಿದಳು.
"ಅಡಗಿ ಕೂತು ನನ್ನನ್ನೂ ಹಿಡಿದೆಯಾ.
ಹಕ್ಕಿಯಾಗಿದ್ದರೆ ಹಾರಿಹೋಗುತ್ತಿದ್ದೆ."
ಬೈದಳೋ ಇಲ್ಲವೋ, ಇವತ್ತಿಗೂ ತಿಳಿಯದು.
ಅಳಿಸಿಹಾಕಿದೆ. ಅದು ಅಳಿದಿಲ್ಲ.

ಮರುದಿನ ತಾನೇ ಕರೆದಳು. ತಲೆಗೆ ಹಳದಿ ವಸ್ತ್ರ.
"ಈಗ ತೆಗೆ. ಎದುರಿಗೆ ನಿಂತು, ಹೇಳಿ, ತೆಗೆ."
ನಿಂತೆ. ಲೆನ್ಸು ಗುಂಯ್ ಗುಂಯ್ ಎಂದು
ಹಿಂದೆ ಮುಂದೆ ತಡಕಾಡಿತು, ಕುರುಡನ ಕೈಯ ಹಾಗೆ.
ಮಾರುದ್ದಕ್ಕಿಂತ ಹತ್ತಿರ ಬಂದರೆ ಇದಕ್ಕೆ ಯಾರೂ ಕಾಣರು;
ಹೆತ್ತವಳೂ ಬರೀ ಹಳದಿ ಮಂಜು.
ಒಂದು ಹೆಜ್ಜೆ ಹಿಂದೆ ಸರಿದೆ. "ಎಲ್ಲಿಗೆ ಹೊರಟೆ?"
ಮುಖದ ಜೊತೆ ವಸ್ತ್ರವೂ ಬೇಕು; ಇನ್ನೊಂದು.
ಬಾಣಲೆಯೂ ಬೇಕು; ಇನ್ನೆರಡು.
ಕೆಸರು. ಮೀನಗಂಟಿಗೆ ನೀರು, ಮೊಣಕಾಲಿಗೆ ನೀರು.
ಬೆನ್ನ ಹಿಂದೆಲ್ಲೋ ಅಂತರಗಂಗೆ ಮಿಸುಕಿತು.
ಪೀಕ್ ಎಂದಿತು ಕ್ಯಾಮೆರಾ.

ಫೋಟೋದಲ್ಲಿ ಅವ್ವ ನಗುತ್ತಿಲ್ಲ.
ಬಾಯಿ ದೊಡ್ಡದಾಗಿ ತೆರೆದಿದೆ, ಕೈ ನನ್ನತ್ತ ಚಾಚಿದೆ,
ಬೆರಳು ಮಾತ್ರ ಅಲುಗಿ ಮಸುಕು.
ತಕ್ಕಡಿಯ ಪಕ್ಕದ ಗೋಡೆಗೆ ತೂಗುಹಾಕಿದ್ದಾಳೆ.
ಗಿರಾಕಿಗಳು ಕೇಳಿದರೆ ಮೀನು ಮಗುಚುತ್ತ ಹೇಳುತ್ತಾಳೆ:
"ಹಿಂದೆ ನೀರಾನೆ ಕಣೋ, ಈಚೆ ಬಾ ಅಂತ ಬಡಕೊಳ್ತಿದ್ದೆ.
ಇವನು ತೆಗೀತಾನೇ ಇದ್ದ."