ಇಳಿಯೋ ಪಾಳಿ

ಗಂಟಲದಾಗ ಕೊಳವಿ ಹಾಕ್ತಾರಂತ.
ಸಹಿ ಮಾಡೋ ಕಾಗದದಾಗ ಬರದದ, ನರ್ಸಮ್ಮ ಓದಿ ಹೇಳಿದಳು.
ಹೂಂ ಅಂದೆ.
ಆ ಹೂಂ ಬಂದದ್ದೂ ಅದ ಗಂಟಲದಿಂದ.

ರಾಯಚೂರಿನ ದೊಡ್ಡ ದವಾಖಾನಿ, ಹೆಂಗಸರ ವಾರ್ಡು, ಕಿಟಕಿ ಕಡಿ ಮಂಚ.
ಫ್ಯಾನು ತಿರುಗತದ, ಗಾಳಿ ಬರಂಗಿಲ್ಲ.
ಪಿತ್ತದ ಚೀಲದಾಗ ಹದಿನಾಲ್ಕು ಕಲ್ಲು ಅವ ಅಂತ
ಸ್ಕ್ಯಾನಿಂಗಿನಾಗ ಎಣಿಸ್ಯಾರ.
ನಮ್ಮವರು ನಕ್ಕರು:
"ಇಪ್ಪತ್ತೆಂಟು ವರ್ಷ ಹಟ್ಟಿ ಗಣಿಯಾಗ ಕಲ್ಲು ಒಡದೆ,
ಮನಿಯಾಗೂ ಒಂದು ಗಣಿ ಇದ್ದದ್ದು ಗೊತ್ತ ಆಗಲಿಲ್ಲ."
ನಾನೂ ನಕ್ಕೆ. ನಕ್ಕರ ಬಲಗಡಿ ಪಕ್ಕಡಿ ಹಿಡೀತದ.

ಕಲ್ಲಿನ ಚಿಂತಿ ಇಲ್ಲ ನನಗ. ಕೊಯ್ಯೋದರ ಚಿಂತಿನೂ ಇಲ್ಲ,
ಮೂರು ಹಡದಾಕಿ ನಾನು.
ನನ್ನ ಅಂಜಿಕಿ ಬ್ಯಾರೇನ ಅದ.
ನನ್ನ ಉಸಿರು ನಾನ ಆಡಬೇಕಲ್ಲ,
ಬ್ಯಾರೆಯವರು ಹೆಂಗ ಆಡತಾರ ಅದನ್ನ?
ನಡುವ ಎಚ್ಚರಾಗಿ, ಬಾಯಿತುಂಬ ಕೊಳವಿ ಇದ್ದು,
ಯವ್ವಾ ಅನ್ನಾಕ ಬರಲಿಲ್ಲಂದ್ರ?

ಸಂಜಿಮುಂದ ಮಂಪರಿನ ಡಾಕ್ಟರು ಬಂದಳು, ತಹಸೀನ್ ಅಂತ,
ನನ್ನ ಸಣ್ಣ ಮಗಳ ವಯಸ್ಸು.
ಬಾಯಿ ತಗೀರಿ ಅಂದಳು, ಬ್ಯಾಟರಿ ಹಿಡದಳು,
ಅಲ್ಲಾಡೋ ಹಲ್ಲು ಅದ ಏನ್ರಿ? ಒಂದದ, ಕೆಳಗಿಂದು.
ಬರಕೊಂಡಳು. ಆ ಹಲ್ಲಿನ ಸುದ್ದಿ
ಇಷ್ಟು ದಿನ ಒಬ್ಬರೂ ಕೇಳಿದ್ದಿಲ್ಲ.
ಕೇಳೇಬಿಟ್ಟೆ ನಾನೂ, ಎಲ್ಲಾ.
ನಗಲಿಲ್ಲ ಆಕಿ. ಮಂಚದ ತುದಿಗೆ ಕುಂತಳು.
"ನಿದ್ದಿ ಹತ್ತಿದ ಮ್ಯಾಲ ಹಾಕ್ತೀವಿ, ಏಳೂಮುಂದ ತಗೀತೀವಿ.
ಎರಡು ದಿನ ಗಂಟಲ ಕೆರೀಬಹುದು.
ಕೊಯ್ಯೋರು ಕೊಯ್ಯತಾರ, ಅದು ಅವರ ಕೆಲಸ.
ನಾ ನಿಮ್ಮ ತಲಿ ಹಂತ್ಯಾಕ ಕುಂತು
ಉಸಿರು ನೋಡತೀನಿ, ಅಷ್ಟ. ಎದ್ದು ಹೋಗಂಗಿಲ್ಲ."

ರಾತ್ರಿ ವಾರ್ಡಿನಾಗ ಗಂಡಸರನ್ನ ಬಿಡಂಗಿಲ್ಲ.
ವರಾಂಡದಾಗ ಟವೆಲ್ ಹಾಸಿ ಕುಂತಿದ್ದರು. ನಾನ ಹೊರಗ ಹೋದೆ.
ಇಷ್ಟು ವರ್ಷದ ಸಂಸಾರದಾಗ ಕೇಳದ್ದು ಕೇಳಿದೆ:
ಕೆಳಗ ಇಳಿಯೂಮುಂದ ಹೆಂಗ ಆಗತಿತ್ತು?

ಬೀಡಿ ಇಲ್ಲದ ಬೆರಳು ಒಂದಕ್ಕೊಂದು ತಿಕ್ಕಿದರು.
"ಮೊದಲ ದಿನ ಹೊಟ್ಟಿ ಮ್ಯಾಲ ಉಳೀತು, ನಾ ಕೆಳಗ ಹೋದೆ.
ಕೇಜಿನಾಗ ಒಬ್ಬರ ಉಸಿರು ಒಬ್ಬರ ಕೊರಳಿಗೆ.
ಕಣ್ಣು ಮುಚ್ಚಿದರೂ ಒಂದ, ತೆರದರೂ ಒಂದ.
ಅಲ್ಲಿ ಗಾಳಿ ತಾನಾಗಿ ಇರಂಗಿಲ್ಲ, ಅಂಬಮ್ಮ.
ಮ್ಯಾಲಿನಿಂದ ಕೊಳವಿಯಾಗ ಕಳಿಸ್ತಾರ.
ಆ ಕೊಳವಿಗೆ ನಾ ಒಂದು ದಿನ ಅಂಜಲಿಲ್ಲ.
ಅದರ ಸಪ್ಪಳ ನಿಂತರ ಅಂಜತಿದ್ದೆ."
ಸುಮ್ಮನಾದರು. ಮತ್ತ:
"ಕೇಜು ಇಳಿಸೋ ಮಷೀನಿನವ ಒಬ್ಬ ಇದ್ದ, ಮೌಲಾಸಾಬ.
ಮಾರಿ ನಾ ಎರಡು ಸಲ ನೋಡಿರಬೇಕು.
ಚಹಾ ಬಂದರೂ ಕೈ ಬಿಡತಿದ್ದಿಲ್ಲಂತ."

ಇಷ್ಟು ವರ್ಷ ಆ ಹೆಸರು ನನಗ ಹೇಳಿದ್ದಿಲ್ಲ.
ನಾನೂ ಹೇಳಿದ್ದಿಲ್ಲ,
ಸೈರನ್ ಆದ ಮ್ಯಾಲ ಇವರ ಸೈಕಲ್ಲಿನ ಸಪ್ಪಳ ಕೇಳೋತನ
ಹಂಚು ಒಲಿ ಮ್ಯಾಲ ಇಡತಿದ್ದಿಲ್ಲ ನಾನು ಅಂತ.

ಆವಾಗ ನೋಡಿದೆ. ಕೈ ನಡಗತಿದ್ದವು, ನನ್ನವಲ್ಲ.
ಈ ಮನಷ್ಯಾಗ ಇಳಿಯೋದು ಗೊತ್ತು, ಕಾಯೋದು ಗೊತ್ತಿಲ್ಲ.
ಹೇಳಿಕೊಟ್ಟೆ:
ಗಡಿಯಾರದ ಎದುರಿಗೆ ಕೂಡಬ್ಯಾಡ್ರಿ.
ಬಾಗಿಲ ತೆರದಾಗೊಮ್ಮೆ ಏಳಬ್ಯಾಡ್ರಿ, ಮೊಣಕಾಲು ನೋಯ್ತಾವ.
ಬಾಜೂ ಕುಂತೋರು ತಮ್ಮ ಕಡೇರು ಸತ್ತ ಕಥಿ ತಗದರ
ನೀರು ತರತೀನಂತ ಎದ್ದು ಹೋಗ್ರಿ.
ಚೀಲದಾಗ ಎರಡು ಸೇರು ಶೇಂಗಾ ಇಟ್ಟೀನಿ. ಸುಲೀರಿ.
ತಿನ್ನಬ್ಯಾಡ್ರಿ, ಹಿಂಡಿಗೆ ಬೇಕು.

ಬೆಳಗ್ಗೆ ಮೂಗಬೊಟ್ಟು, ಬಳಿ, ತಾಳಿ ಬಿಚ್ಚಿ
ಇವರ ಕರವಸ್ತ್ರದಾಗ ಕಟ್ಟಿದೆ.
ಮುಂಗೈಗೆ ಪಟ್ಟಿ: ಅಂಬಮ್ಮ, ಗಂಡ ಯಂಕೋಬ, ೫೪.
ಇವರು ಅದನ್ನ ಎರಡು ಸಲ ಓದಿದರು,
ಪಾಳಿಗೆ ಹೋಗೂಮುಂದ ಹಿತ್ತಾಳಿ ಬಿಲ್ಲೆಯ ನಂಬರು ಓದಿದಂಗ.

ಅಂಜಿಕಿ ಹೋಯಿತೇನು? ಇಲ್ಲ.
ನನ್ನ ಜೋಡಿನ ಸ್ಟ್ರೆಚರ್ ಹತ್ತಿ ಬಂತು, ಕಾಲಕಡಿ ಕುಂತು.

ಒಳಗ ಥಂಡಿ.
ತಲಿ ಹಂತ್ಯಾಕ ತಹಸೀನ್, ಮಾಸ್ಕಿನ ಮ್ಯಾಲ ಬರೇ ಕಣ್ಣು.
"ನೂರರಿಂದ ಹಿಂದಕ್ಕ ಎಣಿಸ್ರಿ."
ಹಿಂದಕ್ಕ ಎಣಿಸಾಕ ಬರಂಗಿಲ್ಲ ನನಗ.
"ಹಂಗಾರ ಮುಂದಕ್ಕ ಎಣಿಸ್ರಿ, ಎಲ್ಲಿತನ ಬರತದೋ."

ಒಂದು ಶೇಂಗಾ
ಎರಡು
ಮೂರು