ಗೋಡಿನ ನೀಲಿ

ಬೆಳಿಗ್ಗೆ ಆರೂಕಾಲಿಗೆ ಹರಿಗೋಲು ನೀರಿಗಿಳಿಯಿತು.
ಮೂಗಿಗೆ ಟವಲು ಕಟ್ಟಿಕೊಳ್ಳದವರು ಚಿಕ್ಕಜವರಯ್ಯ ಒಬ್ಬರೇ.
ಅಂತರಗಂಗೆಯನ್ನು ಹುಟ್ಟಿನಿಂದ ಸರಿಸಿ ಸರಿಸಿ
ಕೊಳವೆ ಇಳಿಬಿಡುವಷ್ಟು ಜಾಗ ಮಾಡಿಕೊಟ್ಟರು.

ಪ್ಲಂಬರ್ ಅಂಗಡಿಯ ಬಿಳಿ ಪೈಪು, ಎರಡಂಗುಲದ್ದು.
ಒತ್ತಿದರೆ ಬೆಣ್ಣೆಗೆ ಇಳಿದಂತೆ ಇಳಿಯುತ್ತದೆ.
ಮೇಲೆಳೆಯುವಾಗಷ್ಟೇ ಗೊತ್ತಾಗುವುದು
ಕೆರೆ ಅದನ್ನು ಬಿಡಲೊಲ್ಲದು ಎಂದು.

ಮಂಚಮ್ಮನ ಕೆರೆ, ಮೈಸೂರಿನ ರಿಂಗ್ ರಸ್ತೆಗೆ ಬೆನ್ನು ಕೊಟ್ಟು ಕೂತದ್ದು.
ಏಳು ಜಾಗ, ಏಳು ಕೊಳವೆ.
ಎರಡು ಸೆಂಟಿಮೀಟರಿಗೊಂದು ಬಿಲ್ಲೆ ಕೊಯ್ದು
ಡಬ್ಬಿಗೆ ಹಾಕಿ, ನಂಬರು ಬರೆದು, ಲ್ಯಾಬಿನ ಫ್ರಿಜ್ಜಿನಲ್ಲಿಟ್ಟೆ,
ಶಾಹೀನ್ ಮೇಡಂ ಅವರ ಮೊಸರಿನ ಪಕ್ಕ.

ಮೋರಿಯ ಬಾಯಲ್ಲಿ ರಂಜಕ ಹೆಚ್ಚು,
ತೂಬಿನ ಕಡೆಗೆ ಹೋಗುತ್ತಾ ಕಡಿಮೆ
ಅಂದುಕೊಂಡಿದ್ದೆವು. ಹಾಗಿಲ್ಲ.
ನಡುಗೆರೆಯ ಗುಂಡಿಯಲ್ಲಿ, ಯಾರೂ ಏನೂ ಸುರಿಯದಲ್ಲಿ
ಎಲ್ಲಕ್ಕಿಂತ ಹೆಚ್ಚು.
ನಯವಾದ ಮಣ್ಣು ಮೆಲ್ಲಗೆ ಅಲ್ಲಿಗೇ ಹೋಗಿ ಕೂರುತ್ತದೆ,
ಮದುವೆ ಮನೆಯಲ್ಲಿ ಅಳು ಬಂದವರು
ಹಿತ್ತಲು ಹುಡುಕಿಕೊಂಡು ಹೋದಂತೆ.

ಪರೀಕ್ಷೆ ಸುಲಭ. ಆಸಿಡ್ಡು, ಮಾಲಿಬ್ಡೇಟು, ಚಿಟಿಕೆ ವಿಟಮಿನ್ ಸಿ.
ಹತ್ತು ನಿಮಿಷ ಕಾದರೆ ಗಾಜಿನಲ್ಲಿ ನೀಲಿ ಏಳುತ್ತದೆ,
ರಂಜಕ ಎಷ್ಟೋ ಅಷ್ಟು ನೀಲಿ.
ನಲವತ್ತನೇ ಸೆಂಟಿಮೀಟರು: ನೀರೇ ಅನ್ನಬೇಕು.
ಮೂವತ್ತು: ಇದೆಯೋ ಇಲ್ಲವೋ.
ಇಪ್ಪತ್ತೆರಡಕ್ಕೆ ಬಂದಾಗ
ಕೈ ನಿಂತಿತು.

ಇದು ನಮ್ಮಮ್ಮನ ಬಕೆಟ್ಟು.
ಮೂರನೇ ಕ್ರಾಸಿನ ಕಲ್ಲಿನ ಮೇಲೆ
ಎರಡು ನರ್ಸಿಂಗ್ ಹೋಮಿನ ದುಪ್ಪಟಿ ಒಗೆದು
ಕೊನೆಯ ನೀರಿಗೆ ನಾಲ್ಕೇ ತೊಟ್ಟು ನೀಲಿ ಬಿಟ್ಟು
"ಸಾಕು, ಜಾಸ್ತಿ ಬಿದ್ರೆ ಕಲೆ ನಿಂತ್ಕತದೆ" ಅನ್ನುತ್ತಿದ್ದಳು.
ನೊರೆ ಮೋರಿಗೆ ಇಳಿಯುವುದನ್ನು ನೋಡುತ್ತಾ
ನಾನು ಹದಿಮೂರರ ಮಗ್ಗಿ ಹೇಳುತ್ತಿದ್ದೆ.

ಆ ನೀಲಿಯೇ ಬೇರೆ, ಈ ನೀಲಿಯೇ ಬೇರೆ. ಗೊತ್ತು.
ಆದರೂ ಹದಿನಾಲ್ಕನೇ ಸೆಂಟಿಮೀಟರಿನ ಪಕ್ಕ
"ನನ್ನ ಕಾಲೇಜು ಫೀಸು" ಎಂದು ಬರೆಯಲು
ವರದಿಯಲ್ಲಿ ಕಾಲಮ್ಮಿಲ್ಲ.

ಚಿಕ್ಕಜವರಯ್ಯ ಬೀಡಿ ಹಚ್ಚಿ ಹೇಳಿದ್ದು:
"ಮುಂಚೆ ಬ್ಯಾಸ್ಗೇಲಿ ಗಾಡಿ ಕಟ್ಕ ಬಂದು ಗೋಡು ಹೊಡ್ಕ ಹೋಗರು.
ಒಂದ್ ಗಾಡಿ ಗೋಡ್ಗೆ ಜಗ್ಳಾನೂ ಆಗದು ಕನವ್ವ.
ಈಗ ಗದ್ದೆ ಎಲ್ಲದೆ? ಸೈಟು ಗೋಡು ತಿಂದದಾ?"

ಮೋರಿ ತಿರುಗಿಸಿ ಎರಡು ವರ್ಷ. ಬೋರ್ಡೂ ಇದೆ.
ಆದರೂ ಏಪ್ರಿಲ್ಲಿನಲ್ಲಿ ತಳದ ಉಸಿರು ಮುಗಿದಾಗ
ಮಣ್ಣು ಹಿಡಿದದ್ದನ್ನು ಬಿಡುತ್ತದೆ.
ನೀರು ಹಸಿರು ಪಾಯಸ.
ಮೀನು ಹೊಟ್ಟೆ ಮೇಲು.
ಹೊರಗಿನಿಂದ ಯಾರೂ ಬಡಿಸುತ್ತಿಲ್ಲ ಈಗ,
ತನ್ನೊಳಗಿಟ್ಟುಕೊಂಡದ್ದನ್ನೇ ಉಣ್ಣುತ್ತಿದೆ.

ಉಳಿದ ಒಂದು ಡಬ್ಬಿ ಮನೆಗೆ ತಂದಿದ್ದೆ.
ಅಮ್ಮ ಮೂಸಿ, ಏನೂ ಕೇಳದೆ,
ದೊಡ್ಡಪತ್ರೆ ಕುಂಡಕ್ಕೆ ಸುರಿದಳು.
ಹದಿನೈದು ದಿನಕ್ಕೆ ಎಲೆ ಅಂಗೈಯಗಲ.
"ತಂಬುಳಿ ಮಾಡ್ಲಾ?" ಎಂದಳು.
ಸೋಪಿಗೆ ಬಿರಿದ ಬೆರಳು ಆಗಲೇ ದೇಟಿನ ಮೇಲಿತ್ತು.
ಕೀಳಬೇಡ, ಎಂದೆ.
ಇರಲಿ.